ಅರವತ್ತರ ನಂತರ ಮ್ಯಾರಥಾನ್: ವಾರವನ್ನು ಹೊಂದಿಸಿಕೊಳ್ಳುವುದು ಹೇಗೆ?

ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ. ಒಂದು ಕೆಂಪು ಪೆನ್ಸಿಲ್ ತಗೊಳ್ಳಿ. ಪ್ರತಿ ಸೋಮವಾರಕ್ಕೂ ಪ್ರತಿ ಶುಕ್ರವಾರಕ್ಕೂ ಒಂದೊಂದು ಸುತ್ತು ಹಾಕಿ. ಇವು ಓಡದ ದಿನಗಳು. ಮ್ಯಾರಥಾನ್ ತಯಾರಿ ಇಲ್ಲಿಂದ ಶುರುವಾಗಬೇಕು. ಎಷ್ಟು ಕಿಲೋಮೀಟರ್ ಓಡಬೇಕು ಅನ್ನುವುದು ಆಮೇಲಿನ ಮಾತು.

ನನಗೀಗ 62 ವರ್ಷ. ಓಡಲು ಶುರು ಮಾಡಿದ್ದು 56ಕ್ಕೆ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಲಿನ ದಾರಿಯಲ್ಲಿ. ಮೊದಲ ಸಲ ಮ್ಯಾರಥಾನ್‌ಗೆ ತಯಾರಾಗುವಾಗ ಮೊಬೈಲ್‌ನಲ್ಲಿ ಸಿಕ್ಕ ಒಂದು ಪಟ್ಟಿಯನ್ನು ಹಾಗೇ ಅನುಸರಿಸಿದೆ. ವಾರಕ್ಕೆ ಆರು ದಿನ ಓಟ. ಏಳನೇ ವಾರದ ಒಂದು ಬುಧವಾರ ಬೆಳಿಗ್ಗೆ, ಹಿಂದಿನಿಂದ ಯಾರೋ ಕಲ್ಲು ಬೀಸಿದ ಹಾಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಆರು ವಾರ ಓಟ ನಿಂತಿತು. ಪಟ್ಟಿಯಲ್ಲಿ ತಪ್ಪಿರಲಿಲ್ಲ. ಅದು ಮೂವತ್ತರ ದೇಹಕ್ಕೆ ಬರೆದದ್ದಾಗಿತ್ತು.

ನಮ್ಮ ವಯಸ್ಸಿನಲ್ಲೂ ಓಡುವ ದಮ್ಮು ಬೇಗ ಕೂಡಿಕೊಳ್ಳುತ್ತದೆ. ಎರಡು ಮೂರು ತಿಂಗಳು ಬಿಡದೆ ಓಡಿದರೆ ಹೃದಯ, ಶ್ವಾಸಕೋಶ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಆದರೆ ಸ್ನಾಯುಗಳನ್ನು ಮೂಳೆಗೆ ಕಟ್ಟಿರುವ ನಾರುಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಅವಕ್ಕೆ ರಕ್ತ ಹರಿಯುವುದೇ ಕಡಿಮೆ. ಹಾಗಾಗಿ ‘ಇವತ್ತು ಇನ್ನೂ ಓಡಬಹುದು’ ಎಂದು ಉಸಿರು ಹೇಳುತ್ತಿರುವಾಗಲೇ ಕಾಲು ಕೈಕೊಡುತ್ತದೆ. ಜೋರಾಗಿ ಓಡಿದ ಮೇಲೆ ಹುಡುಗರು ಒಂದೆರಡು ದಿನದಲ್ಲಿ ಚೇತರಿಸಿಕೊಂಡರೆ, ನನಗೆ ಮೂರು ದಿನ ಬೇಕು. ಆ ಮೂರು ದಿನ ಕೊಟ್ಟ ಮೇಲೆ ಮೀನಖಂಡ ಮತ್ತೆ ಹಿಡಿದುಕೊಂಡಿಲ್ಲ.

ಶುರು ಮಾಡುವ ಮೊದಲು

ಈ ಲೇಖನ ಇವತ್ತೇ ಮೊದಲ ಸಲ ಶೂ ಕಟ್ಟುವವರಿಗಲ್ಲ. ಕನಿಷ್ಠ ಒಂದು ವರ್ಷದಿಂದ ಓಡುತ್ತಿರಬೇಕು. 21.1 ಕಿ.ಮೀ.ಯ ಹಾಫ್ ಮ್ಯಾರಥಾನ್ ಒಂದನ್ನಾದರೂ ನೆಮ್ಮದಿಯಿಂದ ಮುಗಿಸಿರಬೇಕು. ಪೂರ್ತಿ ಮ್ಯಾರಥಾನ್ 42.195 ಕಿ.ಮೀ. ಅದು ಎರಡು ಹಾಫ್‌ಗಳ ಮೊತ್ತ ಅಲ್ಲ. 30 ಕಿ.ಮೀ. ಆದ ಮೇಲೆ ಅದು ಬೇರೆಯೇ ಓಟ.

ವೈದ್ಯರನ್ನು ಕಾಣುವುದನ್ನು ದಯವಿಟ್ಟು ತಪ್ಪಿಸಬೇಡಿ. ಬಿಪಿ, ಶುಗರ್, ಇಸಿಜಿ ನೋಡಿಸಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಎಂದು ನೀವೇ ಕೇಳಿ. ಓಡುವಾಗ ಎದೆ ಬಿಗಿಯುವುದು, ತಲೆ ತಿರುಗುವುದು, ಎಡಗೈಗೋ ದವಡೆಗೋ ನೋವು ಹರಿಯುವುದು ಕಂಡರೆ ಅಲ್ಲೇ ನಿಲ್ಲಿಸಿ. ಗ್ಯಾಸ್ ಇರಬೇಕು ಎಂದುಕೊಂಡು ಮುಂದೆ ಹೋಗಬೇಡಿ.

ಓಟಕ್ಕೆ 18 ವಾರ ಮೊದಲು ತಯಾರಿ ಶುರುವಾದರೆ ಆತುರ ಇರುವುದಿಲ್ಲ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಬರುತ್ತೇವೆ. ನಡುವೆ ದಸರಾ ಇದೆ, ದೀಪಾವಳಿ ಇದೆ, ಮದುವೆಗಳಿವೆ. ಅವನ್ನೂ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಮಾಡಿ. ಮನೆ ತುಂಬಾ ನೆಂಟರಿರುವ ವಾರವನ್ನು ಹಗುರ ವಾರ ಮಾಡಿಕೊಂಡರೆ ಮನೆಯವರಿಗೂ ಸಿಟ್ಟಿಲ್ಲ, ನಿಮಗೂ ಓಟ ತಪ್ಪಿತು ಅನ್ನುವ ಕೊರಗಿಲ್ಲ.

ಏಳು ದಿನ, ನಾಲ್ಕು ಓಟ

ನನ್ನ ವಾರ ಹೀಗಿದೆ. ಸೋಮವಾರ ಪೂರ್ತಿ ವಿಶ್ರಾಂತಿ. ಮಂಗಳವಾರ 6ರಿಂದ 8 ಕಿ.ಮೀ. ನಿಧಾನ ಓಟ, ಸಂಜೆ ಸ್ನಾಯುಗಳಿಗೆ ವ್ಯಾಯಾಮ. ಬುಧವಾರ 40 ನಿಮಿಷ ನಡಿಗೆ, ಇಲ್ಲವೇ ಸೈಕಲ್. ಗುರುವಾರ ವಾರದ ಒಂದೇ ಒಂದು ಗಟ್ಟಿ ಓಟ, ಸಂಜೆ ಮತ್ತೆ ಸ್ವಲ್ಪ ವ್ಯಾಯಾಮ. ಶುಕ್ರವಾರ ವಿಶ್ರಾಂತಿ. ಶನಿವಾರ 4ರಿಂದ 5 ಕಿ.ಮೀ., ಕಾಲು ಸಡಿಲ ಮಾಡಿಕೊಳ್ಳಲು ಅಷ್ಟೇ. ಭಾನುವಾರ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ.

ನಿಧಾನ ಅಂದರೆ ಎಷ್ಟು ನಿಧಾನ? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಬ್ಬರೇ ಇದ್ದರೆ ಯಾವುದಾದರೂ ಶ್ಲೋಕವನ್ನೋ ಭಾವಗೀತೆಯನ್ನೋ ಗುನುಗಿ ನೋಡಿ. ಸಾಲಿನ ಮಧ್ಯೆ ಉಸಿರು ಕಟ್ಟಿದರೆ ನೀವು ಜೋರಾಗಿ ಓಡುತ್ತಿದ್ದೀರಿ. ಕೈಗಡಿಯಾರದಲ್ಲಿ ಹೃದಯ ಬಡಿತ ನೋಡುವವರಿಗೆ ಒಂದು ಲೆಕ್ಕ ಇದೆ. ವಯಸ್ಸನ್ನು 0.7ರಿಂದ ಗುಣಿಸಿ, 208ರಿಂದ ಕಳೆಯಿರಿ. 60 ವರ್ಷದವರಿಗೆ 166 ಬರುತ್ತದೆ. ಅದು ಗರಿಷ್ಠ ಬಡಿತದ ಅಂದಾಜು. ನಿಧಾನ ಓಟದಲ್ಲಿ ಅದರ ಮುಕ್ಕಾಲು ಭಾಗ, ಅಂದರೆ 125ರ ಆಸುಪಾಸಿನಲ್ಲಿ ಇರಬೇಕು. ಅಂದಾಜು ಅಂದೆ, ಒಬ್ಬೊಬ್ಬರಿಗೆ ಹತ್ತು ಹೆಚ್ಚು ಕಡಿಮೆ ಆಗುತ್ತದೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಆ ಮಾತ್ರೆ ಬಡಿತವನ್ನು ತಗ್ಗಿಸಿ ಇಡುತ್ತದೆ. ಅವರಿಗೆ ಮಾತಿನ ಪರೀಕ್ಷೆಯೇ ಸರಿ.

ನಿಧಾನ ಓಡಿದರೆ ನಿಧಾನವೇ ಆಗಿಬಿಡುತ್ತೇವೆ ಎಂದು ತುಂಬಾ ಜನ ಹೆದರುತ್ತಾರೆ. ಅವರಿಗೆ ನಾನು ಎಡ್ ವಿಟ್‌ಲಾಕ್ ಬಗ್ಗೆ ಹೇಳುತ್ತೇನೆ. ಕೆನಡಾದ ಈ ಹಿರಿಯರು 2004ರಲ್ಲಿ, 73ನೇ ವಯಸ್ಸಿನಲ್ಲಿ, ಟೊರೊಂಟೊ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. 85ನೇ ವಯಸ್ಸಿನಲ್ಲೂ ನಾಲ್ಕು ಗಂಟೆಯೊಳಗೆ ಓಡಿದರು. ಅವರ ಅಭ್ಯಾಸದ ಜಾಗ ಮನೆ ಹತ್ತಿರದ ಒಂದು ಸ್ಮಶಾನ. ಅಲ್ಲಿ ಸುತ್ತು ಹಾಕುತ್ತಾ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ಬಹಳ ನಿಧಾನವಾಗಿ ಗಂಟೆಗಟ್ಟಲೆ ಓಡುತ್ತಿದ್ದರು. ಅವರ ಹಾಗೆ ದಿನಕ್ಕೆ ಮೂರು ಗಂಟೆ ಓಡಲು ನಮಗೆ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಆ ನಿಧಾನವನ್ನು ಮಾತ್ರ ಕಲಿಯೋಣ.

ಗುರುವಾರದ ಗಟ್ಟಿ ಓಟ ಎಂದರೆ ಪೂರ್ತಿ ಜೋರು ಅಲ್ಲ. 15 ನಿಮಿಷ ನಿಧಾನ ಓಡಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 8 ನಿಮಿಷ ಸ್ವಲ್ಪ ಬಿರುಸು, 3 ನಿಮಿಷ ನಿಧಾನ. ಹೀಗೆ ಮೂರು ಸಲ. ಬಿರುಸಾಗಿ ಓಡುವಾಗ ಮೂರು ನಾಲ್ಕು ಪದ ಆಡಲು ಆಗಬೇಕು, ವಾಕ್ಯ ಬೇಡ. ಕೊನೆಗೆ 10 ನಿಮಿಷ ನಿಧಾನ. ಒಂದು ವಾರ ಬಿಟ್ಟು ಒಂದು ವಾರ ನಾನು ಇದರ ಬದಲು ಚಾಮುಂಡಿ ಬೆಟ್ಟದ ರಸ್ತೆಯ ಏರು ಹತ್ತುತ್ತೇನೆ. ಏರಿನಲ್ಲಿ ಪಾದ ನೆಲಕ್ಕೆ ಬಡಿಯುವ ಪೆಟ್ಟು ಕಡಿಮೆ, ಕೆಲಸ ಜಾಸ್ತಿ. ಆದರೆ ಇಳಿಯುವಾಗ ಓಡುವುದಿಲ್ಲ, ನಡೆದೇ ಬರುತ್ತೇನೆ. ಮಂಡಿಗೂ ತೊಡೆಗೂ ಪೆಟ್ಟು ಬೀಳುವುದು ಇಳಿಜಾರಿನಲ್ಲೇ. ಬೆಟ್ಟದ ಸಾವಿರ ಮೆಟ್ಟಿಲು ಹತ್ತಲು ಒಳ್ಳೆಯದು, ಓಡಿ ಇಳಿಯಲು ಅಲ್ಲವೇ ಅಲ್ಲ.

ಭಾನುವಾರ

ಮ್ಯಾರಥಾನ್ ಕಟ್ಟಿಕೊಡುವುದು ಭಾನುವಾರ. ಮೊದಲ ವಾರ 16 ಕಿ.ಮೀ., ಎರಡನೇ ವಾರ 18, ಮೂರನೇ ವಾರ 20. ನಾಲ್ಕನೇ ವಾರ 14ಕ್ಕೆ ಇಳಿಯಿರಿ. ಮುಂದಿನ ಮೂರು ವಾರ 20, 22, 24. ಮತ್ತೆ 16ಕ್ಕೆ ಇಳಿಯಿರಿ. ಆಮೇಲೆ 24, 26, 28, ಮತ್ತೆ ಇಳಿದು 18. ನಾಲ್ಕನೇ ವಾರದ ಈ ಇಳಿತವನ್ನು ಯಾವ ಕಾರಣಕ್ಕೂ ಬಿಡಬೇಡಿ. ಚೆನ್ನಾಗಿದ್ದೇನಲ್ಲ, ಯಾಕೆ ಇಳಿಸಬೇಕು ಅನ್ನಿಸುತ್ತದೆ. ಇಳಿಸಿದ್ದಕ್ಕೇ ಚೆನ್ನಾಗಿದ್ದೀರಿ.

13ನೇ ವಾರ 28, 14ನೇ ವಾರ 22, 15ನೇ ವಾರ 30. ನಮ್ಮ ವಯಸ್ಸಿನವರು ಅಭ್ಯಾಸದಲ್ಲಿ ಅದಕ್ಕಿಂತ ಮುಂದೆ ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ದೂರಕ್ಕಿಂತ ಸಮಯ ನೋಡಿ. ನಾಲ್ಕು ಗಂಟೆ ದಾಟಿ ಓಡಿದರೆ ಸಿಗುವ ಲಾಭಕ್ಕಿಂತ ಆಗುವ ಸವೆತ ದೊಡ್ಡದು. ಇಡೀ ಮ್ಯಾರಥಾನನ್ನು 5 ಗಂಟೆಯಲ್ಲಿ ಮುಗಿಸಬೇಕು ಎಂದಿದ್ದರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್ ಬೀಳುತ್ತದೆ. ಭಾನುವಾರದ ಅಭ್ಯಾಸದಲ್ಲಿ ಅದಕ್ಕಿಂತ 30ರಿಂದ 45 ಸೆಕೆಂಡ್ ನಿಧಾನ ಓಡಿ.

ನಡುವೆ ನಡೆಯುವುದು ಸೋಲಲ್ಲ. 9 ನಿಮಿಷ ಓಡಿ 1 ನಿಮಿಷ ನಡೆಯುವ ಲೆಕ್ಕವನ್ನು ಮೊದಲ ಕಿಲೋಮೀಟರಿನಿಂದಲೇ ಇಟ್ಟುಕೊಳ್ಳಿ. ಸುಸ್ತಾದ ಮೇಲೆ ನಡೆದರೆ ಮತ್ತೆ ಓಡಲು ಮನಸ್ಸು ಬರುವುದಿಲ್ಲ. ಸುಸ್ತಾಗುವ ಮೊದಲೇ ನಡೆದರೆ ಬರುತ್ತದೆ.

ಸಾಧ್ಯವಾದಷ್ಟು ಮಣ್ಣು ದಾರಿಯಲ್ಲಿ ಓಡಿ. ಕೆರೆ ಏರಿ, ಕಾಲುವೆ ಪಕ್ಕದ ದಾರಿ, ಕಾಲೇಜು ಮೈದಾನ ಎಲ್ಲಾ ನಡೆಯುತ್ತದೆ. ಆದರೆ ಓಟ ಡಾಂಬರು ರಸ್ತೆಯ ಮೇಲೆ ಇರುವುದರಿಂದ ತಿಂಗಳಿಗೆ ಎರಡು ಭಾನುವಾರವಾದರೂ ರಸ್ತೆಯಲ್ಲಿ ಓಡಬೇಕು. ನಸುಕಿನಲ್ಲಿ ಎದುರಿನಿಂದ ಬರುವ ವಾಹನ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಓಡಿ. ತಿಳಿ ಬಣ್ಣದ ಅಂಗಿ, ಕೈಯಲ್ಲೊಂದು ಸಣ್ಣ ಟಾರ್ಚ್ ಇರಲಿ. ಜೊತೆಗೊಬ್ಬರಿದ್ದರೆ ಬೀದಿನಾಯಿಯ ಭಯವೂ ಕಡಿಮೆ.

ಹಲ್ಲುಜ್ಜುತ್ತಾ ಒಂಟಿ ಕಾಲಲ್ಲಿ

ವಯಸ್ಸಾದಂತೆ ಸ್ನಾಯು ಕರಗುತ್ತದೆ. ಬರೀ ಓಟ ಅದನ್ನು ಪೂರ್ತಿ ತಡೆಯುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಮೂಳೆಯೂ ಬೇಗ ಸವೆಯುತ್ತದೆ. ಅವರು ಈ ಭಾಗವನ್ನು ಓಟಕ್ಕಿಂತ ಮುಖ್ಯ ಎಂದೇ ತಿಳಿಯಬೇಕು.

ಜಿಮ್ ಬೇಕಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲಿ, ಗೋಡೆ ಹಿಡಿದುಕೊಳ್ಳಿ. ಎರಡೂ ಹಿಮ್ಮಡಿ ಮೇಲೆತ್ತಿ. ಆಮೇಲೆ ಒಂದೇ ಕಾಲಿನ ಭಾರದಲ್ಲಿ, ಮೂರು ಎಣಿಸುತ್ತಾ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ. ಒಂದೊಂದು ಕಾಲಿಗೆ 15ರಂತೆ ಮೂರು ಸಲ. ನನ್ನ ಮೀನಖಂಡವನ್ನು ಉಳಿಸಿದ್ದು ಇದೇ. ಮೊದಲ ವಾರ ನೋವಾದರೆ ಎರಡೂ ಕಾಲಿನಿಂದ ಇಳಿಸಿ.

ಇನ್ನೊಂದು, ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು. ಸುಲಭವಾದ ಮೇಲೆ ಎರಡೂ ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಮಾಡಿ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತುವುದು ಮೂರನೆಯದು. ಬೆಳಿಗ್ಗೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ, ಅರ್ಧ ಹೊತ್ತು ಒಂದು ಕಾಲು, ಉಳಿದರ್ಧ ಇನ್ನೊಂದು. ಓಟ ಎಂದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಹಾರುವುದು ತಾನೇ? ಎರಡೂ ಪಾದ ಒಟ್ಟಿಗೆ ನೆಲದ ಮೇಲೆ ಇರುವುದೇ ಇಲ್ಲ.

ಹೊಟ್ಟೆಗೆ

ಮುದ್ದೆ, ಅನ್ನ, ಚಪಾತಿ ನಮ್ಮಲ್ಲಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಪ್ರೊಟೀನ್. ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 1.2 ಗ್ರಾಂ ಲೆಕ್ಕದಲ್ಲಿ, 60 ಕಿಲೋ ತೂಗುವವರಿಗೆ 72 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಅಷ್ಟೇ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ತಿಳಿಸಾರು ಅನ್ನದಿಂದ ಇದು ತುಂಬುವುದಿಲ್ಲ. ಹುರುಳಿಕಾಳು, ಹೆಸರುಕಾಳು ಉಸಲಿ, ಮೊಸರು, ಪನೀರ್, ತಿನ್ನುವವರು ಮೀನು, ಕೋಳಿ, ಹೀಗೆ ಮೂರೂ ಹೊತ್ತು ಹಂಚಿಕೊಂಡು ತಿನ್ನಿ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ಲಾಂಗ್ ರನ್‌ನಲ್ಲಿ ಮೊದಲ ಮುಕ್ಕಾಲು ಗಂಟೆ ಆದ ಮೇಲೆ, ಅರ್ಧ ಗಂಟೆಗೊಮ್ಮೆ ಏನಾದರೂ ತಿನ್ನಿ. ಒಂದು ಏಲಕ್ಕಿ ಬಾಳೆಹಣ್ಣು, ಎರಡು ಖರ್ಜೂರ, ಒಂದು ತುಂಡು ಕಡಲೆಕಾಯಿ ಚಿಕ್ಕಿ, ಹೊಟ್ಟೆಗೆ ಒಗ್ಗಿದ್ದು ಯಾವುದಾದರೂ ಸರಿ. ಓಟದ ದಿನ ಏನು ತಿನ್ನುತ್ತೀರೋ ಅದನ್ನೇ ಭಾನುವಾರಗಳಲ್ಲಿ ತಿಂದು ನೋಡಿರಬೇಕು.

ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಹಾಗೆಂದು ಸುಮ್ನೆ ನೀರು ಕುಡಿಯುತ್ತಲೇ ಇರುವುದೂ ಅಪಾಯ, ರಕ್ತದಲ್ಲಿ ಸೋಡಿಯಂ ತಗ್ಗುತ್ತದೆ. ಓಡುವ ಮೊದಲು, ಓಡಿದ ಮೇಲೆ ತೂಕ ನೋಡಿ. ನೂರಕ್ಕೆ ಎರಡು ಭಾಗಕ್ಕಿಂತ ಜಾಸ್ತಿ ಇಳಿದಿದ್ದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ಓಡುವ ಮೊದಲು ನೋವಿನ ಮಾತ್ರೆ ನುಂಗುವ ಅಭ್ಯಾಸ ಕೆಲವರಲ್ಲಿದೆ. ಬೆವರು ಹರಿಯುತ್ತಿರುವ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ ಕೊಡಬಹುದು. ಮಾತ್ರೆ ಬೇಕಾಗುವಷ್ಟು ನೋವಿದ್ದರೆ ಅವತ್ತು ಓಟ ಬೇಡ.

ನೋವಿನ ಲೆಕ್ಕ

ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ನಾಡಿ ಎಣಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಮಾಮೂಲಿಗಿಂತ ಏಳೆಂಟು ಜಾಸ್ತಿ ಇದ್ದು, ನಿದ್ದೆಯೂ ಸರಿಯಾಗಿಲ್ಲದಿದ್ದರೆ ಗಟ್ಟಿ ಓಟ ಬಿಟ್ಟು ನಡೆಯಿರಿ. ತಪ್ಪಿದ ಓಟವನ್ನು ಮರುದಿನ ಸೇರಿಸಿ ತುಂಬಿಸಬೇಡಿ. ಹೋಯಿತು ಅಂದರೆ ಹೋಯಿತು.

ಎರಡೂ ತೊಡೆ ಸಮನಾಗಿ ನೋಯುತ್ತಿದ್ದರೆ ಅದು ಕೆಲಸದ ನೋವು, ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಕಡೆ, ಬೆರಳಿಟ್ಟು ತೋರಿಸುವ ಹಾಗಿದ್ದರೆ ಎಚ್ಚರ. ಓಡುತ್ತಾ ಓಡುತ್ತಾ ನೋವು ಹೆಚ್ಚಿದರೆ, ಕುಂಟುವ ಹಾಗಾದರೆ ನಿಲ್ಲಿಸಿ ಆಟೋ ಹಿಡಿದು ಮನೆಗೆ ಬನ್ನಿ. ಜೇಬಿನಲ್ಲಿ ನೂರು ರೂಪಾಯಿ ಸದಾ ಇರಲಿ.

ಕೊನೆಯ ಮೂರು ವಾರ

30 ಕಿ.ಮೀ. ಓಡಿದ ಮೇಲೆ ಇಳಿಸುತ್ತಾ ಬನ್ನಿ. 16ನೇ ವಾರದ ಭಾನುವಾರ 20, 17ನೇ ವಾರ 12. ಈ ದಿನಗಳಲ್ಲಿ ಎಲ್ಲಾ ಮರೆತುಹೋಯಿತೇನೋ, ಕಾಲು ಭಾರವಾಯಿತೇನೋ ಅನ್ನಿಸುತ್ತದೆ. ಎಲ್ಲರಿಗೂ ಆಗುತ್ತದೆ. ಹೊಸ ಶೂ ಹಾಕುವುದಿದ್ದರೆ ಇದಕ್ಕೆ ಮೊದಲೇ ಹಾಕಿ ಓಡಿ ಪಳಗಿಸಿರಬೇಕು.

ಮುಂಬೈಗೆ ಹೋಗುವವರಿಗೆ ಎರಡು ಮಾತು. ನಮ್ಮ ಮೈಸೂರು, ಬೆಂಗಳೂರಿನ ಜನವರಿ ಚಳಿಯಲ್ಲಿ ಓಡಿದವರಿಗೆ ಅಲ್ಲಿನ ಸಮುದ್ರದ ಸೆಕೆ ಅಭ್ಯಾಸ ಇರುವುದಿಲ್ಲ. ಕಿಲೋಮೀಟರಿಗೆ 10 ಸೆಕೆಂಡ್ ಬಿಟ್ಟುಕೊಟ್ಟೇ ಶುರು ಮಾಡಿ. ಮತ್ತೆ, ಪೆಡ್ಡರ್ ರಸ್ತೆಯ ಏರು ವಾಪಸ್ ಬರುವಾಗ ಕಾಲು ಸೋತ ಮೇಲೆ ಸಿಗುತ್ತದೆ. ಅಲ್ಲಿ ನಡೆಯಿರಿ. ರಸ್ತೆ ಪಕ್ಕದಲ್ಲಿ ಮಕ್ಕಳು ಕಿತ್ತಳೆ ತೊಳೆ, ಬಿಸ್ಕತ್ತು ಹಿಡಿದು ನಿಂತಿರುತ್ತಾರೆ. ತಗೊಂಡು ಥ್ಯಾಂಕ್ಸ್ ಹೇಳುವಷ್ಟು ಉಸಿರು ಉಳಿದಿದ್ದರೆ ನಿಮ್ಮ ಲೆಕ್ಕ ಸರಿಯಾಗಿದೆ.

ಓಟ ಮುಗಿದ ಮೇಲೆ ಎರಡು ವಾರ ಓಡಬೇಡಿ, ನಡೆಯಿರಿ ಸಾಕು. ನೋವು ನಾಲ್ಕೇ ದಿನಕ್ಕೆ ಹೋಗಿಬಿಟ್ಟರೂ ಒಳಗಿನ ಸ್ನಾಯುಗಳು ಸರಿಹೋಗಲು ಇನ್ನೂ ಸಮಯ ಬೇಕು. ಕ್ಯಾಲೆಂಡರ್ ಹೇಗೂ ಕೆಳಗಿಳಿಸಿದ್ದೀರಿ. ಹೊಸ ವರ್ಷದ್ದು ಬಂದ ತಕ್ಷಣ ಆ ಹದಿನಾಲ್ಕು ದಿನಗಳಿಗೂ ಕೆಂಪು ಸುತ್ತು ಹಾಕಿಬಿಡಿ.