ಸಂಬಳದ ಜೊತೆ ಕಾಫಿ ತೋಟವೂ ಇದ್ದರೆ: ರಿಟರ್ನ್ಸ್ ನಾನು ಹಾಕುವುದು ಹೀಗೆ

ಕೊಡಗಿನಲ್ಲಿ ಸಂಬಳದ ಕೆಲಸದಲ್ಲಿರುವ ಎಷ್ಟೋ ಜನರಿಗೆ ಊರಲ್ಲಿ ಒಂದೆರಡು ಎಕರೆಯಾದರೂ ತೋಟ ಇರುತ್ತದೆ. ನಾನೂ ಅದೇ ಪೈಕಿ. ಕೆಲಸ ಮಡಿಕೇರಿಯಲ್ಲಿ, ತೋಟ ಸುಂಟಿಕೊಪ್ಪದ ಹತ್ತಿರ. ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಅಷ್ಟೇ. ಜೂನ್ ತಿಂಗಳಲ್ಲಿ ಫಾರ್ಮ್ 16 (ವರ್ಷದ ಸಂಬಳ, ಹಿಡಿದ ತೆರಿಗೆಯ ಪತ್ರ) ಕೈಗೆ ಬಂದ ಕೂಡಲೇ ಆಫೀಸಿನಲ್ಲಿ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ಕಾಫಿ ದುಡ್ಡಿಗೆ ಟ್ಯಾಕ್ಸ್ ಇಲ್ಲ ಅಲ್ವಾ ಸಾರ್, ಮತ್ಯಾಕೆ ತೋರಿಸ್ಬೇಕು?"

ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲ, ಅದು ನಿಜ. ಆದರೆ ನಿಮ್ಮ ಸಂಬಳಕ್ಕೆ ಎಷ್ಟು ತೆರಿಗೆ ಅಂತ ಲೆಕ್ಕ ಹಾಕುವಾಗ ಕಾಫಿ ದುಡ್ಡೂ ನಡುವೆ ಬಂದು ಕೂರುತ್ತದೆ. ತೋಟದ ನಿವ್ವಳ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿ, ಉಳಿದ ಆದಾಯ ಮೂಲ ವಿನಾಯಿತಿ ಮಿತಿಗಿಂತ (ಅಷ್ಟರವರೆಗೆ ತೆರಿಗೆಯೇ ಇಲ್ಲ ಅನ್ನುವ ಮೊತ್ತ) ಜಾಸ್ತಿ ಇದ್ದರೆ, ಎರಡನ್ನೂ ಕೂಡಿಸಿಯೇ ತೆರಿಗೆಯ ದರ ನೋಡಬೇಕು. ಅದೇ 5,000 ದಾಟಿದರೆ ರಿಟರ್ನ್ಸ್ ಹಾಕುವ ಸುಲಭದ ಐಟಿಆರ್-1 ಫಾರ್ಮೂ ನಿಮಗೆ ಬರುವುದಿಲ್ಲ. ಐಟಿಆರ್-2 ಹಾಕಬೇಕು. ಈಗಿನ ಕಾಫಿ ರೇಟಿನಲ್ಲಿ 5,000 ದಾಟದ ತೋಟ ಯಾವುದಿದೆ ಹೇಳಿ!

ಲೆಕ್ಕ ಹೇಗೆ ಅಂತ 2025-26ರ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯ ದರದಲ್ಲೇ ನೋಡೋಣ. ಒಬ್ಬರ ಸಂಬಳ 11.75 ಲಕ್ಷ ಅಂದುಕೊಳ್ಳಿ. 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11 ಲಕ್ಷ. ತೋಟ ಇಲ್ಲದಿದ್ದರೆ ಇದಕ್ಕೆ ತೆರಿಗೆ 50,000. 12 ಲಕ್ಷದವರೆಗಿನ ಆದಾಯಕ್ಕೆ 60,000ದ ತನಕ ರಿಬೇಟ್ (ತೆರಿಗೆಯಲ್ಲೇ ಕೊಡುವ ಕಡಿತ) ಇರುವುದರಿಂದ ಕಟ್ಟಬೇಕಾದ್ದು ಸೊನ್ನೆ. ಈಗ ಇದಕ್ಕೆ 3 ಲಕ್ಷದ ಕಾಫಿ ಸೇರಿಸಿ. ಒಟ್ಟು 14 ಲಕ್ಷ, ಅದರ ಮೇಲೆ ತೆರಿಗೆ 90,000. ಆಮೇಲೆ ಕಾಫಿಯ 3 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ, ಆ 7 ಲಕ್ಷದ ಮೇಲಿನ ತೆರಿಗೆ ತೆಗೆಯಿರಿ: 15,000. ಇದನ್ನು 90,000ದಲ್ಲಿ ಕಳೆದರೆ 75,000. ರಿಬೇಟ್ 60,000 ಹೋಗಿ ಉಳಿಯುವುದು 15,000. ಶೇ. 4ರ ಸೆಸ್ ಸೇರಿ 15,600 ರೂಪಾಯಿ ಕೈಯಿಂದ ಕಟ್ಟಬೇಕು. "12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ" ಅಂತ ನಂಬಿ ಕೂತ ತೋಟದವರಿಗೆ ಪೆಟ್ಟು ಬೀಳುವುದು ಇಲ್ಲೇ.

ಹಾಗಂತ ಎಲ್ಲರೂ ಗಾಬರಿಯಾಗಬೇಕಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಸಂಬಳ 8 ಲಕ್ಷ ಉಳಿದರೆ, ಅದೇ 3 ಲಕ್ಷದ ಕಾಫಿ ಇದ್ದರೂ ತೆರಿಗೆ 35,000 ಮಾತ್ರ. ಅದು ರಿಬೇಟಿನಲ್ಲೇ ಮುಗಿಯುತ್ತದೆ. ತೋರಿಸಿದರೆ ಏನೂ ನಷ್ಟ ಇಲ್ಲ. ಸುಮ್ನೆ ಮುಚ್ಚಿಟ್ಟು, ಬ್ಯಾಂಕ್ ಖಾತೆಗೆ ಬಂದ ಆ ಮೂರು ಲಕ್ಷ ಎಲ್ಲಿಂದ ಅಂತ ನಾಳೆ ನೋಟಿಸ್ ಬಂದರೆ ಉತ್ತರ ಹುಡುಕುವುದು ಯಾಕೆ?

ತೋಟದ ಲೆಕ್ಕಕ್ಕೆ ನಾನು ಬೇರೆಯೇ ಬ್ಯಾಂಕ್ ಖಾತೆ ಇಟ್ಟಿದ್ದೇನೆ. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್. ಎಡಪುಟದಲ್ಲಿ ಮಾರಾಟ, ಬಲಪುಟದಲ್ಲಿ ಖರ್ಚು. ಕಾಫಿ ವ್ಯಾಪಾರಿಯ ಬಿಲ್ಲಿನಲ್ಲಿ ಎಷ್ಟು ಮೂಟೆ, ಎಷ್ಟು ತೂಕ, ಓಟಿ (ಔಟ್‌ಟರ್ನ್, ಅಂದರೆ ಮೂಟೆಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಬಂತು, ಯಾವ ರೇಟು ಎಲ್ಲ ಇರಬೇಕು. ತುಂಡು ಚೀಟಿಯಲ್ಲಿ ಬರೆದುಕೊಟ್ಟರೆ ನಾನು ಒಪ್ಪುವುದಿಲ್ಲ, "ಅಣ್ಣಾ, ಬಿಲ್ಲೇ ಕೊಡಿ" ಅಂತ ಅಲ್ಲೇ ನಿಲ್ಲುತ್ತೇನೆ. ಖರ್ಚಿನ ಕಡೆ ಗೊಬ್ಬರ, ಸುಣ್ಣ, ಮೆಣಸಿಗೆ ಹೊಡೆಯುವ ಬೋರ್ಡೋಗೆ ಮೈಲುತುತ್ತು, ಮರ ಕಪಾತು, ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸಿದ ಡೀಸೆಲ್, ಕೊಯ್ಲಿನ ಕೂಲಿ. ಕೂಲಿಗೆ ಬಿಲ್ ಎಲ್ಲಿ ಸಿಗುತ್ತದೆ? ಅದಕ್ಕೆ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಇಟ್ಟು, ದುಡ್ಡು ಕೊಟ್ಟ ದಿನವೇ ಸಹಿ ಹಾಕಿಸಿಕೊಳ್ಳುತ್ತೇನೆ. ಕಳೆ ಹೊಡೆಯುವ ಯಂತ್ರ ಕೊಂಡರೆ ಅದರ ಪೂರ್ತಿ ಬೆಲೆಯನ್ನು ಒಂದೇ ವರ್ಷಕ್ಕೆ ಬರೆಯುವುದಿಲ್ಲ, ಸವಕಳಿ ಮಾತ್ರ. ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಗೋಡೌನಿನಲ್ಲಿಟ್ಟು ರೇಟ್ ಕಾಯುವವರು ನಮ್ಮಲ್ಲಿ ಜಾಸ್ತಿ. ನಾನು ದುಡ್ಡು ಕೈಗೆ ಬಂದ ದಿನವನ್ನೇ ಹಿಡಿಯುತ್ತೇನೆ. ಏಪ್ರಿಲ್‌ನಲ್ಲಿ ಮಾರಿದ್ದು ಮುಂದಿನ ವರ್ಷದ ಪುಟಕ್ಕೆ. ಪ್ರತಿ ವರ್ಷವೂ ಇದೇ ಕ್ರಮ, ಅನುಕೂಲ ನೋಡಿಕೊಂಡು ಬದಲಾಯಿಸುವುದಿಲ್ಲ.

ಆಫೀಸಿನವರು ಟಿಡಿಎಸ್, ಅಂದರೆ ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದು ಸಂಬಳ ನೋಡಿಕೊಂಡು. ಅವರಿಗೆ ತೋಟದ ಸುದ್ದಿ ಗೊತ್ತಿರುವುದಿಲ್ಲ. ಹಾಗಾಗಿ ವ್ಯತ್ಯಾಸದ ದುಡ್ಡು ನಾವೇ ಕಟ್ಟಬೇಕು. ಬಾಕಿ 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವರ್ಷದೊಳಗೇ ಕಂತಿನಲ್ಲಿ ಕಟ್ಟುವ ಮುಂಗಡ ತೆರಿಗೆಯ ನಿಯಮ ಬರುತ್ತದೆ. ನಮ್ಮ ಕಾಫಿ ದುಡ್ಡು ಕಾಣುವುದೇ ಜನವರಿ ಆದಮೇಲೆ, ಜೂನ್‌ನಲ್ಲಿ ಮೊದಲ ಕಂತು ಕಟ್ಟು ಅಂದರೆ ಎಲ್ಲಿಂದ ತರೋದು? ನಾನು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿಬಿಡುತ್ತೇನೆ. ಮೊದಲಿನ ಕಂತುಗಳು ತಪ್ಪಿದ್ದಕ್ಕೆ ಬಡ್ಡಿ ಬೀಳುತ್ತದೆ, ಮೇಲಿನ ಉದಾಹರಣೆಯಲ್ಲಾದರೆ ಆರುನೂರು ಚಿಲ್ಲರೆ. ಬಾರದ ದುಡ್ಡನ್ನು ಅಂದಾಜು ಮಾಡಿ ಕಟ್ಟುವುದಕ್ಕಿಂತ ಅದೇ ವಾಸಿ.

ಐಟಿಆರ್-2ರಲ್ಲಿ ತೋಟದ ವಿವರ ಹೋಗುವುದು ಶೆಡ್ಯೂಲ್ ಇಐಗೆ, ಅಂದರೆ ತೆರಿಗೆ ಇಲ್ಲದ ಆದಾಯ ತೋರಿಸುವ ಭಾಗಕ್ಕೆ. ಒಟ್ಟು ಮಾರಾಟ, ಖರ್ಚು, ನಿವ್ವಳ. ನಿವ್ವಳ 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಅನ್ನುವುದನ್ನೂ ತುಂಬಬೇಕು. ಆರ್‌ಟಿಸಿ ಪಕ್ಕದಲ್ಲಿಟ್ಟುಕೊಂಡೇ ಕೂರಿ. ಸಂಬಳದ ಭಾಗ ಮೊದಲೇ ತುಂಬಿ ಬಂದಿರುತ್ತದೆ, ಫಾರ್ಮ್ 16ಕ್ಕೆ ತಾಳೆ ನೋಡಿದರೆ ಸಾಕು. ಎಐಎಸ್‌ನಲ್ಲಿ (ತೆರಿಗೆ ಇಲಾಖೆ ಕೊಡುವ ನಮ್ಮ ವಾರ್ಷಿಕ ಮಾಹಿತಿ ಪಟ್ಟಿ) ಬ್ಯಾಂಕ್ ಬಡ್ಡಿ ಕಾಣುತ್ತದೆ. ಆದರೆ ಊರಿನ ಸಹಕಾರ ಸಂಘದಲ್ಲಿಟ್ಟ ಠೇವಣಿಯ ಬಡ್ಡಿ ಅಲ್ಲಿ ಕಾಣಲಿಲ್ಲ ಅಂತ ಬಿಡುವ ಹಾಗಿಲ್ಲ, ಪಾಸ್‌ಬುಕ್ ನೋಡಿ ನಾವೇ ಸೇರಿಸಬೇಕು.

ಇಷ್ಟೆಲ್ಲ ಹೇಳಿದ್ದು ಚೆರಿಯನ್ನು ಕಣದಲ್ಲಿ ಒಣಗಿಸಿ ಹಾಗೇ ಮಾರುವವರಿಗೆ. ಕುಶಾಲನಗರದ ಕಡೆ ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ) ಬೀಜ ಮಾರಿದರೆ ಬೇರೆ ನಿಯಮ ಬರುತ್ತದೆ: ಆದಾಯದ ಶೇ. 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಆಗ ಐಟಿಆರ್-2 ಸಾಲದು. ಹಳೆ ಪದ್ಧತಿ, ಹೊಸ ಪದ್ಧತಿ ಅಂತ ವರ್ಷವರ್ಷ ಬದಲಾಯಿಸುವ ಸ್ವಾತಂತ್ರ್ಯವೂ ಹೋಗುತ್ತದೆ. ಹೋಂಸ್ಟೇ ನಡೆಸುವವರದೂ ಬೇರೆ ಕಥೆ, ಅದು ಕೃಷಿ ಅಲ್ಲವೇ ಅಲ್ಲ. ಇಂಥವರು ಆಡಿಟರ್ ಹತ್ತಿರ ಹೋಗುವುದೇ ಒಳ್ಳೆಯದು.

ಸಾಮಾನ್ಯವಾಗಿ ಕೊನೆಯ ದಿನ ಜುಲೈ 31. ನಾನು ಜೂನ್ ಕೊನೆಯಲ್ಲೇ ಮುಗಿಸುತ್ತೇನೆ. ಜುಲೈ ಮಳೆಯಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು, ತೋಟದ ಮನೆಯಲ್ಲಿ ನೆಟ್‌ವರ್ಕ್ ಮೊದಲೇ ಇಲ್ಲ. ರಿಟರ್ನ್ಸ್ ಹಾಕಿದ 30 ದಿನದೊಳಗೆ ಇ-ವೆರಿಫೈ (ಹಾಕಿದ್ದು ನಾವೇ ಅಂತ ಆನ್‌ಲೈನ್‌ನಲ್ಲಿ ದೃಢೀಕರಿಸುವುದು) ಆಗಲೇಬೇಕು. ಅದನ್ನು ಮಡಿಕೇರಿಯಲ್ಲೇ, ಆಧಾರ್ ಒಟಿಪಿ ಬರುವ ಜಾಗದಲ್ಲಿ ಕೂತು, ಅದೇ ದಿನ ಮಾಡಿಬಿಡುತ್ತೇನೆ.