ಹಳೇ ಎಟಿವಿಯ ಹೊಟ್ಟೆ ನೆಲಕ್ಕೆ ಉಜ್ಜುತ್ತಿದ್ದರೆ

ನನ್ನ ಎಟಿವಿಗೆ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಗೆ, ವಯಸ್ಸಾಗಿದೆ. ಬೆಲ್ಟ್ ಡ್ರೈವ್, ಫೋರ್ ವೀಲ್ ಗಾಡಿ, ಅಂದರೆ ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವಂಥದ್ದು. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಗಾಡಿಜಾಡು ಬಿದ್ದ ದಾರಿಯಲ್ಲಿ ಅದರ ಹೊಟ್ಟೆ ನಡುವಿನ ದಿಬ್ಬಕ್ಕೆ ಉಜ್ಜತೊಡಗಿತು. ಆಗ ನಾನು ಹಿಂದೆಮುಂದೆ ನೋಡದೆ 2 ಇಂಚಿನ ಲಿಫ್ಟ್ ಕಿಟ್ (ಸಸ್ಪೆನ್ಷನ್‌ಗೆ ಸೇರಿಸಿ ಗಾಡಿ ಎತ್ತರಿಸುವ ಬ್ರಾಕೆಟ್‌ಗಳು) ಹಾಕಿಬಿಟ್ಟೆ. ನೋಡೋಕೇನೋ ಚೆನ್ನಾಗಿತ್ತು. ಸ್ವಲ್ಪ ದಿನದಲ್ಲೇ ಹಿಂದಿನ ಎಡ ಚಕ್ರದ ರಿಮ್ ಒಳಗೆ ಕಪ್ಪು ಗ್ರೀಸ್ ಸಿಡಿದಿತ್ತು. ಆಕ್ಸಲ್ ತುದಿಯ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಬೆರಳು ಹಾಕಿ ನೋಡಿದರೆ ಗ್ರೀಸ್ ಜೊತೆ ಮರಳು ಕರಕರ ಅಂತಿತ್ತು. ಜಾಯಿಂಟ್ ಹೋಗಿತ್ತು.

ಆಮೇಲೆ ಕಿಟ್ ಬಿಚ್ಚಿ ಮೊದಲಿಂದ ಶುರು ಮಾಡಿದೆ. ಆಗ ತಿಳಿದಿದ್ದು ಇಷ್ಟು: ನನ್ನ ಗಾಡಿಗೆ ಹೊಸ ಎತ್ತರ ಬೇಕಿರಲಿಲ್ಲ, ಅದು ಕಳೆದುಕೊಂಡ ಎತ್ತರ ವಾಪಸ್ ಬೇಕಿತ್ತು.

ಹಾಗಾಗಿ ಸ್ಪ್ಯಾನರ್ ಹಿಡಿಯೋ ಮುಂಚೆ ಟೇಪ್ ಹಿಡಿಯಿರಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ. ಯಾರನ್ನಾದರೂ ಮೇಲೆ ಕೂರಿಸಿ, ನೀವು ಕೆಳಗೆ ಬಗ್ಗಿ ತೀರಾ ಕೆಳಗಿರುವ ಭಾಗ ಯಾವುದು ಅಂತ ಹುಡುಕಿ. ನನ್ನದರಲ್ಲಿ ಹೊಟ್ಟೆ ಕೆಳಗಿನ ತಗಡು ನೆಲದಿಂದ 8 ಇಂಚಿನಲ್ಲಿತ್ತು, ಮ್ಯಾನುಯಲ್‌ನಲ್ಲಿ 10 ಅಂತ ಇತ್ತು. ಆ 2 ಇಂಚು ಎಲ್ಲಿಗೆ ಹೋಯಿತು ಅನ್ನೋದೇ ಪ್ರಶ್ನೆ.

ನಿಮ್ಮ ಗಾಡಿಯ ಹಿಂದುಗಡೆ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್ ಇದ್ದರೆ ಒಂದು ಮಾತು ನೆನಪಿಡಿ. ಅಲ್ಲಿ ಲಿಫ್ಟ್ ಕಿಟ್ ಚಾಸಿಯನ್ನು ಮಾತ್ರ ಎತ್ತುತ್ತದೆ. ಆಕ್ಸಲ್, ಅದರ ಮೇಲಿನ ಸ್ಪ್ರಾಕೆಟ್ ಅಥವಾ ಬ್ರೇಕ್ ಡಿಸ್ಕ್ ಇದ್ದಲ್ಲೇ ಇರುತ್ತವೆ. ಕಲ್ಲಿಗೆ ಮೊದಲು ಬಡಿಯೋದು ಅವೇ. ಅದನ್ನು ಎತ್ತೋದು ದೊಡ್ಡ ಟಯರ್ ಮಾತ್ರ.

ಈಗ ಸ್ಪ್ರಿಂಗ್. ಜಾಕ್ ಕೊಟ್ಟು ಚಕ್ರಗಳು ನೇತಾಡುವಂತೆ ಮಾಡಿ, ಚಕ್ರದ ನಡುವಿನಿಂದ ಮೇಲಿನ ಚಾಸಿಯ ಒಂದು ಗುರುತಿನವರೆಗೆ ಅಳೆಯಿರಿ. ಇಳಿಸಿ, ಮೇಲೆ ಕೂತು ಮತ್ತೆ ಅಳೆಯಿರಿ. ಸಸ್ಪೆನ್ಷನ್ ಒಟ್ಟು ಎಷ್ಟು ಆಡುತ್ತದೋ ಅದರ ಮೂರರಲ್ಲೊಂದು ಭಾಗದಷ್ಟು ಕುಗ್ಗಿದರೆ ಸರಿ. ನನ್ನದು ಅರ್ಧಕ್ಕಿಂತ ಜಾಸ್ತಿ ಕುಗ್ಗಿತ್ತು. ಶಾಕ್ ಅಬ್ಸಾರ್ಬರ್ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿರುವ ರಿಂಗ್ ಇದ್ದರೆ ಒಂದೆರಡು ಮೆಟ್ಟಿಲು ತಿರುಗಿಸಿ ನೋಡಿ. ಆಗಲೂ ಎದ್ದೇಳದಿದ್ದರೆ ಸ್ಪ್ರಿಂಗ್ ಸತ್ತಿದೆ ಅಂತಲೇ ಅರ್ಥ, ಹೊಸದು ಹಾಕಿ. ಶಾಕ್‌ನಲ್ಲಿ ಎಣ್ಣೆ ಸೋರಿದ್ದರೆ ಅದನ್ನೂ ಬದಲಿಸಿ. ಚಕ್ರ ಮೇಲಿರುವಾಗಲೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್, ಬಾಲ್ ಜಾಯಿಂಟ್, ಬುಶ್ ಮೂರನ್ನೂ ನೋಡಿ.

ಹೊಸ ಸ್ಪ್ರಿಂಗ್‌ನಿಂದಲೇ ನನಗೆ ಒಂದು ಇಂಚಿನ ಹತ್ತಿರ ವಾಪಸ್ ಬಂತು.

ಇನ್ನು ಟಯರ್. ಅದರ ಮೇಲೆ 25x8-12 ಅಂತ ಬರೆದಿದ್ದರೆ 25 ಇಂಚು ಎತ್ತರ, 8 ಅಗಲ, 12 ರಿಮ್. ಆದರೆ ಸವೆದ ಟಯರ್ ಅಷ್ಟಿರುವುದಿಲ್ಲ, ಅಳೆದು ನೋಡಿ. ಅದೇ ಸೈಜಿನ ಹೊಸದು ಹಾಕಿದರೂ ಒಂದಿಷ್ಟು ಎತ್ತರ ಸಿಗುತ್ತದೆ. ಟಯರ್ 1 ಇಂಚು ದೊಡ್ಡದಾದರೆ ಗಾಡಿ ಏಳೋದು ಅರ್ಧ ಇಂಚು ಅಷ್ಟೇ. 25ರಿಂದ 27ಕ್ಕೆ ಹೋದರೆ ಒಂದು ಇಂಚು ಸಿಗುತ್ತದೆ, ಆದರೆ ಗೇರಿಂಗ್ 8% ಉದ್ದವಾಗುತ್ತದೆ. ಅಂದರೆ ಏರಿನಲ್ಲಿ ಎಂಜಿನ್ ಒದ್ದಾಡುತ್ತದೆ, ಬೆಲ್ಟ್ ಬಿಸಿಯಾಗಿ ವಾಸನೆ ಬರುತ್ತದೆ, ಬ್ರೇಕ್ ಸ್ವಲ್ಪ ಮಂಕಾಗುತ್ತದೆ. ಕ್ಲಚ್‌ಗೆ ಹಗುರ ತೂಕದ ರೋಲರ್ ಹಾಕಿ ಸರಿದೂಗಿಸಬಹುದು. ಚೈನ್ ಗಾಡಿಯಾದರೆ ಸುಲಭ: ಹಿಂದೆ 40 ಹಲ್ಲಿನ ಸ್ಪ್ರಾಕೆಟ್ ಇದ್ದರೆ 43. ನಾನು 26ಕ್ಕೇ ನಿಲ್ಲಿಸಿದೆ. ಹಳೇ ಎಂಜಿನ್‌ಗೆ ಅಷ್ಟು ಸಾಕು ಅನ್ನಿಸಿತು.

ತುಂಬ ಜನ ಎಡವೋದು ಮುಂದಿನ ಮತ್ತು ಹಿಂದಿನ ಟಯರ್ ಹೊಂದಿಸೋದರಲ್ಲಿ. ಫೋರ್ ವೀಲ್ ಗಾಡಿಯಲ್ಲಿ ಅವುಗಳ ಸುತ್ತಳತೆ ಕಂಪನಿ ಇಟ್ಟ ಲೆಕ್ಕದಲ್ಲೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಮುಂದಿನವು ಒಂದು ಕಡೆ ಎಳೆದರೆ ಹಿಂದಿನವು ಇನ್ನೊಂದು ಕಡೆ. ಹ್ಯಾಂಡಲ್ ಬಿಗಿಯಾಗುತ್ತದೆ, ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಶಿಯಲ್, ನರಳುತ್ತದೆ. ಟಯರ್ ಮೇಲೆ ಬರೆದ ಅಳತೆಯನ್ನೇ ನಂಬಬೇಡಿ. ಟಯರ್ ನೆಲ ಮುಟ್ಟುವ ಜಾಗದಲ್ಲಿ ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ. ಒಬ್ಬರು ಮೇಲೆ ಕೂತಿರಲಿ. ಗೆರೆ ಒಂದು ಸುತ್ತು ಬಂದು ಮತ್ತೆ ನೆಲಕ್ಕೆ ತಾಗುವವರೆಗೆ ಗಾಡಿ ತಳ್ಳಿ, ದೂರ ಅಳೆಯಿರಿ. 25 ಇಂಚಿನದು ಹತ್ತಿರ ಹತ್ತಿರ 2 ಮೀಟರ್ ಹೋಗುತ್ತದೆ. ಹಳೇ ಟಯರ್ ಬಿಚ್ಚುವ ಮೊದಲೇ ಮುಂದಿನದು, ಹಿಂದಿನದು ಎರಡನ್ನೂ ಬರೆದಿಟ್ಟುಕೊಳ್ಳಿ. ಆದರೆ ಒಂದು ಜೊತೆ ಜಾಸ್ತಿ ಸವೆದಿದ್ದರೆ ಆ ಲೆಕ್ಕ ತಪ್ಪುತ್ತದೆ, ಆಗ ಮ್ಯಾನುಯಲ್‌ನ ಸೈಜೇ ಆಧಾರ.

ಟಯರಿನ ಕಚ್ಚುಗಳು ಎಷ್ಟು ಆಳವೋ ಹಿಡಿತ ಅಷ್ಟು ಚೆನ್ನ ಅಂತ ನಾನೂ ಅಂದುಕೊಂಡಿದ್ದೆ. ಆಳ ಕಚ್ಚಿನ ಮಡ್ ಟಯರ್ ಮೆತ್ತನೆ ನೆಲದಲ್ಲಿ ಸುಮ್ನೆ ತಿರುಗಿದರೆ ಸಲಿಕೆ ಹಾಗೆ ತೋಡುತ್ತದೆ. ಚಕ್ರ ಇಳಿಯುತ್ತದೆ, ಹೊಟ್ಟೆ ಮತ್ತೆ ದಿಬ್ಬದ ಮೇಲೆ ಕೂರುತ್ತದೆ. ಕಷ್ಟಪಟ್ಟು ಗಳಿಸಿದ ಎತ್ತರ ಅಲ್ಲೇ ಹೋಯ್ತಲ್ವಾ? ದಿನವೂ ಕೆಸರಲ್ಲೇ ಓಡಿಸದಿದ್ದರೆ ಆಲ್ ಟೆರೇನ್ ಟಯರ್ ಸಾಕು.

ಹಿಡಿತ ಜಾಸ್ತಿ ಮಾಡೋಕೆ ಖರ್ಚಿಲ್ಲದ ದಾರಿ ಗಾಳಿ. ತುಂಬ ಎಟಿವಿಗಳಿಗೆ 5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಸಾಕು, ನಿಮ್ಮ ಗಾಡಿಯ ಸ್ಟಿಕ್ಕರ್ ನೋಡಿ. ಕಾರಿನ ಗೇಜ್ ಇಷ್ಟು ಕಡಿಮೆಯಲ್ಲಿ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಇಟ್ಟುಕೊಳ್ಳಿ. ಟಯರ್ ಮೇಲೆ ಅಡ್ಡಕ್ಕೆ ಸೀಮೆಸುಣ್ಣ ಬಳಿದು ಗಟ್ಟಿ ನೆಲದಲ್ಲಿ ಸ್ವಲ್ಪ ದೂರ ಹೋಗಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ತೀರಾ ಇಳಿಸಿದರೆ ತಿರುವಿನಲ್ಲಿ ಟಯರ್ ರಿಮ್ ಬಿಟ್ಟು ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಹೊಟ್ಟೆ ತಾಗಿದರೆ ಆಗ ಲಿಫ್ಟ್ ಯೋಚಿಸಿ, 1 ಇಂಚು ಸಾಕು. ಆಕ್ಸಲ್ ಓರೆಯಾದಷ್ಟೂ ಬೂಟ್ ಬೇಗ ಹರಿಯುತ್ತದೆ. ಗಾಡಿಯ ಭಾರ ನೆಲದಿಂದ ಇನ್ನಷ್ಟು ಮೇಲಕ್ಕೆ ಹೋಗುವುದರಿಂದ ಇಳಿಜಾರಿನಲ್ಲಿ ಅಡ್ಡಕ್ಕೆ ಹೋಗುವಾಗ ಮೊದಲಿಗಿಂತ ಬೇಗ ಪಲ್ಟಿ ಹೊಡೆಯುತ್ತದೆ. ನಾನಂತೂ ಕಿಟ್ ಬದಲು ಹೊಟ್ಟೆಗೆ ದಪ್ಪ ಪ್ಲಾಸ್ಟಿಕ್ ಸ್ಕಿಡ್ ಪ್ಲೇಟ್ ಹಾಕಿದೆ. ಕಲ್ಲಿಗೆ ತಾಗಿದರೂ ಜಾರಿಕೊಂಡು ಹೋಗುತ್ತದೆ.

ಹೊಸ ಟಯರ್ ಹಾಕಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದುಗಡೆ ಒತ್ತಿ, ಮಡ್‌ಗಾರ್ಡಿಗೆ ತಾಗುತ್ತದಾ ನೋಡಿ. ಮೊದಲ ಸವಾರಿ ಮುಗಿಸಿ ಬಂದ ಕೂಡಲೇ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ನನ್ನದರಲ್ಲಿ ಎರಡು ಸಡಿಲವಾಗಿದ್ದವು.