ಬಣ್ಣವನ್ನು ಕೊನೆಗೆ ನೋಡುತ್ತೇನೆ

ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮದೊಂದು ಅಡಿಕೆ ತೋಟ. ಹಕ್ಕಿ ನೋಡಲೆಂದೇ ನಾನು ದೂರ ಹೋದದ್ದು ಕಡಿಮೆ. ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿ, ನೀರುಕಾಗೆಗಳನ್ನೂ ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದಲೇ ನೋಡಿದ್ದು ಹೆಚ್ಚು. ಕಲಿತದ್ದೆಲ್ಲ ತೋಟದಲ್ಲಿ, ಹಿತ್ತಲಲ್ಲಿ, ಹಳ್ಳದ ದಂಡೆಯಲ್ಲಿ.

ಈ ಹವ್ಯಾಸಕ್ಕೆ ಹೊಸದಾಗಿ ಬಿದ್ದ ನೆಂಟರು ಫೋನ್ ಮಾಡಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಬಗೆಯದು: "ಸಣ್ಣ ಹಕ್ಕಿ, ಹೊಟ್ಟೆ ಹಳದಿ. ಯಾವುದು ಮಾರಾಯರೇ?" ಸೂರಕ್ಕಿಯ ಹೊಟ್ಟೆಯೂ ಹಳದಿ, ಮಧುರಕಂಠದ್ದೂ ಹಳದಿ, ಚಳಿಗಾಲಕ್ಕೆ ಬರುವ ಬೂದು ಸಿಪಿಲೆಯದ್ದೂ ಹಳದಿ. ನಾನು ತಿರುಗಿ ಕೇಳುವುದು, ಅದು ಏನು ಮಾಡುತ್ತಿತ್ತು ಎಂದು. ದಾಸವಾಳದ ಹೂವಿಗೆ ಬಾಗಿದ ಕೊಕ್ಕು ಚುಚ್ಚುತ್ತಿದ್ದರೆ ಸೂರಕ್ಕಿ. ಎಲೆಯಿಂದ ಎಲೆಗೆ ಹುಳ ಹುಡುಕುತ್ತಾ ಕೊಂಬೆಯೊಳಗೇ ಸುಳಿಯುತ್ತಿದ್ದರೆ ಮಧುರಕಂಠ. ಹಳ್ಳದ ಕಲ್ಲಿನ ಮೇಲೆ ನಿಂತು ಉದ್ದ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಸಿಪಿಲೆ. ಬಣ್ಣದ ಮಾತೇ ಬೇಕಾಗಲಿಲ್ಲ.

ಗಾತ್ರಕ್ಕೆ ನನ್ನ ಅಳತೆಗೋಲು ಗುಬ್ಬಚ್ಚಿ, ಪಿಕಳಾರ, ಗೊರವಂಕ, ಕಾಗೆ. ಈ ನಾಲ್ಕರಲ್ಲಿ ಯಾವುದಕ್ಕೆ ಹತ್ತಿರ ಎಂದು ಮೊದಲು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಇಂಚು, ಸೆಂಟಿಮೀಟರ್ ಲೆಕ್ಕ ಮರದ ತುದಿಯಲ್ಲಿ ನಡೆಯುವುದಿಲ್ಲ. ಆಮೇಲೆ ಕೊಕ್ಕು, ಬಾಲ, ಕೂರುವ ಜಾಗ. ಬಣ್ಣಕ್ಕೆ ಕೊನೆಯ ಸರದಿ.

ಬಾಲ ಎಷ್ಟು ಹೇಳುತ್ತದೆ ಎಂಬುದಕ್ಕೆ ಕಾಡು ಸಿಪಿಲೆಯೇ ಸಾಕು. ನಮ್ಮಲ್ಲಿ ಅಡಿಕೆ ಕೊನೆಗಳ ಕೊಯ್ಲು ಶುರುವಾಗುವ ಹೊತ್ತಿಗೆ ಅದು ಬಂದಿರುತ್ತದೆ, ಬೇಸಿಗೆ ಬಲಿತಾಗ ಹೊರಟುಹೋಗುತ್ತದೆ. ಬೇರೆ ಸಿಪಿಲೆಗಳಂತೆ ಬಯಲು, ನೀರಿನ ಅಂಚು ಅದಕ್ಕೆ ಬೇಡ. ತೋಟದ ನೆರಳಿನಲ್ಲಿ ಉದುರಿಬಿದ್ದ ಎಲೆಗಳ ದರಗೇ ಬೇಕು. ಬೆನ್ನು ಒಣ ಎಲೆಯದೇ ಬಣ್ಣವಾದ್ದರಿಂದ ಸುಮ್ಮನಿದ್ದರೆ ಪತ್ತೆಯೇ ಆಗದು. ಆದರೆ ಅದು ಸುಮ್ಮನಿರುವುದಿಲ್ಲ: ನಾಲ್ಕು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಬಾಲದ ಜೊತೆಗೆ ಮೈಯ ಹಿಂಭಾಗವನ್ನೇ ಎಡಕ್ಕೂ ಬಲಕ್ಕೂ ತೂಗುತ್ತದೆ. ಉಳಿದ ಸಿಪಿಲೆಗಳೆಲ್ಲ ಬಾಲವನ್ನು ಮೇಲೆ ಕೆಳಗೆ ಕುಣಿಸಿದರೆ ಇದೊಂದು ಅಡ್ಡಡ್ಡ. ದುರ್ಬೀನು ಹಿಡಿದರೆ ಬಿಳಿ ಎದೆಯ ಮೇಲೆ ಎರಡು ಕಪ್ಪು ಪಟ್ಟಿ ಕಾಣುತ್ತವೆ. ಮೇಲಿನದು ಇಡಿಯಾಗಿದೆ, ಕೆಳಗಿನದು ನಡುವೆ ತುಂಡಾಗಿದೆ. ಹತ್ತಿರ ಹೋದರೆ "ಪಿಂಕ್" ಎಂದು ಹಾರಿ ಕಾಫಿ ಗಿಡದ ಕೊಂಬೆಯ ಮೇಲೆ ಕುಳಿತು, ಅಲ್ಲಿಯೂ ಓಡಾಡುತ್ತದೆ.

ಬಾಲದ ಆಕಾರವನ್ನು ಮಾತ್ರ ಅಷ್ಟು ನಂಬಲಾಗದು. ಕಾಜಾಣದ ಜಾತಿಯದೇ ಆದ ಭೀಮರಾಜನ ಬಾಲದ ತುದಿಯ ಎರಡು ಕುಚ್ಚುಗಳು ಗರಿ ಉದುರುವ ಕಾಲದಲ್ಲಿ ಇರುವುದೇ ಇಲ್ಲ. ಆಗ ಅದೂ ಒಂದು ಮಾಮೂಲಿ ಕಾಜಾಣವೇ ಎನಿಸುತ್ತದೆ. ಹಣೆಯ ಮೇಲೆ ಕೊಕ್ಕಿನ ಬುಡದಲ್ಲಿ ಎದ್ದ ಜುಟ್ಟನ್ನು ನೋಡಬೇಕು. ಚಳಿಗಾಲದಲ್ಲಿ ಬರುವ ಬೂದು ಕಾಜಾಣಕ್ಕೆ ಜುಟ್ಟಿಲ್ಲ, ಕಣ್ಣು ಕೆಂಪು.

ಪಿಕಳಾರಗಳ ವಿಷಯದಲ್ಲೂ ಹೀಗೆಯೇ ಎಡವುವವರಿದ್ದಾರೆ. ಬಾಲದ ಬುಡದಲ್ಲಿ ಕೆಂಪು ಕಂಡ ಕೂಡಲೇ ಒಂದು ಹೆಸರು ಬರೆದುಕೊಳ್ಳುತ್ತಾರೆ. ಆ ಕೆಂಪು ನಮ್ಮ ಹಿತ್ತಲಿನ ಕೆಮ್ಮೀಸೆ ಪಿಕಳಾರಕ್ಕೂ ಇದೆ, ಬಯಲುಸೀಮೆಯಲ್ಲಿ ಹೆಚ್ಚಾಗಿ ಕಾಣುವ ಕಪ್ಪು ತಲೆಯದ್ದಕ್ಕೂ ಇದೆ. ಕೆನ್ನೆಯ ಕೆಂಪು ನೋಡೋಣವೆಂದರೆ ಕೆಮ್ಮೀಸೆಯ ಮರಿಗೆ ಅದು ಇನ್ನೂ ಮೂಡಿರುವುದಿಲ್ಲ. ನೆತ್ತಿಯ ಮೇಲೆ ನೆಟ್ಟಗೆ ನಿಂತ ಚೂಪು ಜುಟ್ಟು, ಬಿಳಿ ಕೆನ್ನೆ ನೋಡಿದರೆ ತಕರಾರಿಲ್ಲ.

ಈಗ ಮೊಬೈಲಿನಲ್ಲಿ ಮರ್ಲಿನ್ ಎಂಬ ಆ್ಯಪ್ ಇದೆ. ಕೂಗು ಕೇಳಿಸಿದರೆ ಹೆಸರು ಹೇಳುತ್ತದೆ. ನಾನೂ ಬಳಸುತ್ತೇನೆ, ಬೈಯುವುದಿಲ್ಲ. ಎಲೆಯ ನಡುವೆ ಎಲೆಯಾಗಿ ಕೂರುವ ಕುಟ್ರು ಹಕ್ಕಿಯನ್ನು ಬೆಳಗಿನಿಂದ ಸಂಜೆಯವರೆಗೆ ಕೇಳಬಹುದೇ ಹೊರತು ನೋಡುವುದು ಕಷ್ಟ. ಅಂಥಲ್ಲಿ ಕಿವಿಯೇ ಗತಿ. ಆದರೆ ಭೀಮರಾಜನೂ ಎಲೆಹಕ್ಕಿಯೂ ಇರುವ ತೋಟದಲ್ಲಿ ಮೊಬೈಲ್ ಹೇಳಿದ್ದನ್ನೆಲ್ಲ ಪಟ್ಟಿಗೆ ಸೇರಿಸುವುದು ಸಲ್ಲದು. ಎರಡೂ ಪಕ್ಕಾ ಅಣಕುಗಾರರು. ಒಂದೇ ಮರದಿಂದ ಗಿಡುಗ, ಪಿಕಳಾರ, ಟುವ್ವಿ ಹಕ್ಕಿ ಸಾಲಾಗಿ ಕೂಗಿದರೆ ಅಲ್ಲಿ ಮೂರು ಹಕ್ಕಿ ಇದೆ ಎಂದು ನಾನು ಬರೆದುಕೊಳ್ಳುವುದಿಲ್ಲ, ಮರದ ಕೆಳಗೆ ಹೋಗಿ ನಿಲ್ಲುತ್ತೇನೆ. ಅದೇ ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವವರನ್ನು ಕಂಡರೆ ನನಗಾಗದು. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ, ಅಷ್ಟೆ.

ತೋಟ ಸುತ್ತುವುದಕ್ಕಿಂತ ಒಂದು ಕಡೆ ಕೂರುವುದು ಲಾಭ. ಮೆಣಸಿನ ಬಳ್ಳಿ ಹಬ್ಬಿಸಿದ ಹಾಲುವಾಣ ಎಲೆ ಉದುರಿಸಿ ಕೆಂಪಗೆ ಹೂಬಿಟ್ಟಾಗ ಅದರ ಎದುರಿಗೆ, ಬಿಸಿಲಿಗೆ ಬೆನ್ನು ಹಾಕಿ ಕೂತರೆ ಗೊರವಂಕ, ಕಾಜಾಣ, ಸೂರಕ್ಕಿ, ಎಲೆಹಕ್ಕಿ ಎಲ್ಲವೂ ತಾವಾಗಿಯೇ ಬರುತ್ತವೆ, ಎಲೆ ಅಡ್ಡವಿಲ್ಲ. ಪೇಟೆಯಲ್ಲಿ ಮನೆ ಇರುವವರು ಒಂದು ಗಸಗಸೆ ಹಣ್ಣಿನ ಮರ ಬೆಳೆಸಿದರೆ ಸಾಕು, ಪಿಕಳಾರ, ಕುಟ್ರು, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಬದನಿಕೆ ಹಕ್ಕಿ ಅಲ್ಲಿಗೇ ಬರುತ್ತವೆ. ನೀರಿಡುವುದಾದರೆ ಎರಡು ಇಂಚಿಗಿಂತ ಆಳ ಬೇಡ. ದಿನವೂ ತೊಳೆದು ಇಡಬೇಕು.

ನನಗಿಂತ ಹೆಚ್ಚು ಗೂಡು ಕಂಡವನು ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗಾರ. ಮರದ ತಲೆಯಿಂದಲೇ "ಅಯ್ಯಾ, ಆಚೆ ಸತ್ತ ಮರದಲ್ಲಿ ತೂತು ಹೊಸದು" ಎಂದು ಕೂಗಿ ಹೇಳುತ್ತಾನೆ. ತೂತು ಮರಕುಟಿಗದ್ದೋ ಕುಟ್ರುವಿನದ್ದೋ ಎಂಬುದನ್ನು ನಾನು ಕೆಳಗಿನಿಂದ ಕಾದು ನೋಡಬೇಕು. ಹಾಗೆ ನಿಂತ ಸತ್ತ ಮರವನ್ನು ಕಡಿಸುವುದನ್ನು ಬಿಟ್ಟಿದ್ದೇನೆ.

ದುರ್ಬೀನು ಕೊಳ್ಳುವವರಿಗೆ: 8x42 ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು. ಹತ್ತು ಪಟ್ಟು ದೊಡ್ಡದು ತೋರಿಸುವುದು ಕೈಯ ನಡುಕವನ್ನೂ ಅಷ್ಟೇ ದೊಡ್ಡದಾಗಿ ತೋರಿಸುತ್ತದೆ, ತೋಟದ ನೆರಳಿಗೆ ಅದು ಹೇಳಿಸಿದ್ದಲ್ಲ. ಮಲೆನಾಡಿನವರು ಜೂನ್ ಬರುವ ಮೊದಲೇ ದುರ್ಬೀನನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿಗಳ ಜೊತೆ ಇಡಿ. ಒಂದು ಮಳೆಗಾಲ ಗೂಟಕ್ಕೆ ನೇತುಹಾಕಿದರೆ ಗಾಜಿನೊಳಗೆ ಬೂಸ್ಟು ಹಿಡಿಯುತ್ತದೆ, ಒರೆಸಲು ಕೈಗೆ ಸಿಗುವುದಿಲ್ಲ.